ನೂರಹತ್ತರ ಕಾವು

ಫೆಬ್ರವರಿ 17, 1997, ಸೋಮವಾರ

ಅಂತೂ ಕೆಲಸಕ್ಕೆ ಸೇರಿದೆ. ಮಾನಸಗಂಗೋತ್ರಿಯ ಎಂ.ಎಸ್ಸಿ., ಅದೂ ಮೂರನೇ ರ‍್ಯಾಂಕು. ಕೊನೆಗೆ ಬಂದು ಬಿದ್ದದ್ದು ನಂಜನಗೂಡು ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಆಕ್ರಿಲಿಕ್ ಶೀಟಿನ ಕಾರ್ಖಾನೆಗೆ. ಆರು ತಿಂಗಳು ಪ್ರೊಬೇಷನ್. ಅಮ್ಮನಿಗೆ ಮಾತ್ರ ಭೂಮಿಯ ಮೇಲೆ ಕಾಲು ನಿಲ್ಲುತ್ತಿಲ್ಲ. ಬೆಳಗ್ಗೆ ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ, "ನಮ್ ಶಿವಿ ಕೆಮಿಸ್ಟು ಕಣ್ರೀ" ಎಂದು ಹೇಳಿ ನನ್ನ ಮಾನ ಕಳೆದಳು.

ಕಾರ್ಖಾನೆಯಲ್ಲಿ ಎರಡು ಶೆಡ್ಡು. ಹಿಂದಿನದಕ್ಕೆ ಗುಜರಿ ಬರುತ್ತದೆ: ಒಡೆದ ನಾಮಫಲಕ, ಸ್ಕೇಲು, ಬಸ್ಸಿನ ದೀಪದ ಮುಚ್ಚಳ. ಅದನ್ನೆಲ್ಲ ದೊಡ್ಡ ಹಂಡೆಯಲ್ಲಿ ಕಾಸಿ, ಆವಿ ಹಿಡಿದು, ತಣಿಸಿ ಲಿಕ್ವಿಡ್ ಮಾಡುತ್ತಾರೆ. ಮುಂದಿನ ಶೆಡ್ಡಿನಲ್ಲಿ ಆ ಲಿಕ್ವಿಡ್ಡನ್ನು ಎರಡು ಗಾಜಿನ ನಡುವೆ ಸುರಿದು, ಬಿಸಿನೀರಿನ ತೊಟ್ಟಿಯಲ್ಲಿಟ್ಟು ಗಟ್ಟಿ ಮಾಡಿ, ಕೊನೆಗೆ ಓವನ್‌ಗೆ ಹಾಕಿ ಹದ ಮಾಡಿದರೆ ಹೊಸ ಶೀಟು. ಹಿಂದಿನ ಶೆಡ್ಡಿಗೆ ನಾನು ಹೋಗಲಿಲ್ಲ. ವಾಸನೆಗೆ ಬಾಗಿಲಿಂದಲೇ ತಿರುಗಿ ಬಂದೆ.

ಈಗಲೂ ತಲೆಕೂದಲೆಲ್ಲ ಅದೇ ವಾಸನೆ. ಸೀಗೆಕಾಯಿಗೂ ಜಗ್ಗುತ್ತಿಲ್ಲ.

ಫೆಬ್ರವರಿ 27, ಗುರುವಾರ

ಶಂಕರನಾರಾಯಣ ಸರ್ ಕರೆಸಿದರು. ಅವರೇ ಮ್ಯಾನೇಜರು. ಮೇಜಿನ ಮೇಲೆ ವಾಪಸ್ ಬಂದ ಶೀಟಿನ ಕಟ್ಟು. ಆಸ್ಪತ್ರೆಗಳಲ್ಲಿ ಹಸುಗೂಸುಗಳ ತಲೆಗೆ ಆಮ್ಲಜನಕ ಕೊಡುವಾಗ ಮುಚ್ಚುವ ಪಾರದರ್ಶಕ ಡಬ್ಬಿ ಮಾಡಲು ಕೊಂಡವರು, ಶೀಟು ವಾಸನೆ ಬರುತ್ತದೆ ಎಂದು ಹಿಂದಕ್ಕೆ ಕಳಿಸಿದ್ದಾರೆ. ಸರಿಯೇ. ಮಗುವಿನ ಮೂಗಿನ ಹತ್ತಿರ ಇಡುವ ವಸ್ತು.

"ನೋಡಮ್ಮಾ ಶಿವರಂಜನಿ, ಈ ಆರ್ಡರ್ ಹೋದ್ರೆ ನಾವೆಲ್ಲ ಗಂಟುಮೂಟೆ ಕಟ್ಟಬೇಕು. ನಿಮ್ಮನ್ನ ತಗೊಂಡಿದ್ದೇ ಇದಕ್ಕೆ" ಅಂದರು.

ನನಗೆ ಐದು ನಿಮಿಷ ಸಾಕಾಯಿತು. ವಾಸನೆ ಎಂದರೆ ಲಿಕ್ವಿಡ್ ಪೂರ್ತಿ ಗಟ್ಟಿಯಾಗದೆ ಒಳಗೆ ಸ್ವಲ್ಪ ಉಳಿದಿದೆ ಎಂದರ್ಥ. ಮೊದಲು ಓವನ್‌ನಲ್ಲಿ ನೂರಹತ್ತು ಡಿಗ್ರಿಯಲ್ಲಿ ಮೂರು ಗಂಟೆ ಇಡುತ್ತಿದ್ದರಂತೆ. ಆರ್ಡರ್ ಅವಸರಕ್ಕೆ ಸರ್ ಅದನ್ನು ಒಂದು ಗಂಟೆಗೆ ಇಳಿಸಿದ್ದಾರೆ. ಸಮಯ ಹೆಚ್ಚಿಸಲು ಅವರು ಒಪ್ಪುವುದಿಲ್ಲ. ಹಾಗಾದರೆ ಕಾವು ಹೆಚ್ಚಿಸಿದರಾಯಿತು. ಸೋಮವಾರದಿಂದ ನೂರೈವತ್ತು ಎಂದು ಬರೆದು ಸಹಿ ಹಾಕಿ ಓವನ್ ಪಕ್ಕ ಅಂಟಿಸಿದೆ.

ಬೆಳಗಿನ ಪಾಳಿಯ ಆಪರೇಟರ್ ರಾಚಯ್ಯ ಎನ್ನುವ ಮುದುಕ ಬಂದು ನಿಂತ. ತಾಂಡವಪುರದವನು. ಹತ್ತೊಂಬತ್ತು ವರ್ಷದಿಂದ ಇಲ್ಲೇ ಇದ್ದಾನೆ. ಮುಂದಿನ ವರ್ಷ ನಿವೃತ್ತಿ. ಅಂಕಿ ಮತ್ತು ತನ್ನ ಸಹಿ ಬಿಟ್ಟರೆ ಅಕ್ಷರ ಬರುವುದಿಲ್ಲ.

"ಅಷ್ಟೊಂದ್ ಕಾಸ್ಬ್ಯಾಡಿ ಮೇಡಂನೋರೆ. ಬುಟ್ಕತದೆ."

"ಏನು ಬಿಟ್ಟುಕೊಳ್ಳುತ್ತೆ?"

"ಅದೇ... ಬುಟ್ಕತದೆ" ಎಂದು ಎರಡು ಕೈ ಜೋಡಿಸಿ ಬಿಡಿಸಿ ತೋರಿಸಿದ. ನನಗೆ ನಗು ಬಂತು. ನಕ್ಕೆ ಕೂಡ.

ಮಾರ್ಚ್ 6, ಗುರುವಾರ

ನನ್ನದೇ ಒಂದು ಪರೀಕ್ಷೆ ಶುರು ಮಾಡಿದ್ದೇನೆ. ಪ್ರತಿ ಪಾಳಿಯ ಶೀಟಿನಿಂದ ಒಂದು ತುಂಡು ಕತ್ತರಿಸಿ, ಬಾಟಲಿಗೆ ಹಾಕಿ, ಬಿರಡೆ ಹಾಕಿ, ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ದಿನ ಇಡುವುದು. ಮರುದಿನ ತೆರೆದು ಮೂಸುವುದು.

ರಾಚಯ್ಯನ ಪಾಳಿಯ ಬಾಟಲಿಗಳು ಶುದ್ಧ. ಸಂಜೆ ಪಾಳಿಯ ಮದನ್‌ನದು ಮೂಗು ಮುಚ್ಚಿಕೊಳ್ಳುವ ಹಾಗೆ. ಲಾಗ್ ಪುಸ್ತಕದಲ್ಲಿ ಇಬ್ಬರೂ ನೂರೈವತ್ತು ಎಂದೇ ಬರೆದಿದ್ದಾರೆ. ಅಂದರೆ ನನ್ನ ನೂರೈವತ್ತು ಸರಿಯಾಗಿದೆ, ಮದನ್ ಸರಿಯಿಲ್ಲ. ಅವನನ್ನು ಕರೆದು ಚೆನ್ನಾಗಿ ಬೈದೆ. ಎರಡು ಮಕ್ಕಳ ತಂದೆ, ಶಾಲೆಯ ಹುಡುಗನಂತೆ ತಲೆ ತಗ್ಗಿಸಿ ನಿಂತ. "ನೀವೇಳ್ದಂಗೇ ಮಾಡಿವ್ನಿ ಮೇಡಂ" ಅಂದ. ಹಾಗಾದರೆ ಅದೇ ಕೆಲಸ ರಾಚಯ್ಯನ ಕೈಯಲ್ಲಿ ಹೇಗೆ ಆಗುತ್ತದೆ ಎಂದೆ.

ರಾಚಯ್ಯನದೂ ಒಂದು ತಕರಾರಿದೆ. ಅವನ ಪಾಳಿಯಲ್ಲಿ ಶೀಟು ಕಡಿಮೆ ಬರುತ್ತದೆ. ಕೇಳಿದರೆ "ಕರೆಂಟ್ ಓಗಿತ್ತು" ಅನ್ನುತ್ತಾನೆ. ದಿನವೂ ಕರೆಂಟ್ ಹೋಗುತ್ತದೆ, ನಿಜ. ಆದರೆ ಇಷ್ಟೊಂದು?

ನಾಳೆ ಶಿವರಾತ್ರಿ, ರಜೆ. ನಾಡಿದ್ದು ಮೊದಲ ಬಸ್ಸಿಗೆ ಹೋಗಿ ಅವನ ಪಕ್ಕದಲ್ಲೇ ನಿಲ್ಲುತ್ತೇನೆ.

ಮಾರ್ಚ್ 8, ಶನಿವಾರ

ಇಡೀ ಪಾಳಿ ಓವನ್ ಪಕ್ಕದಲ್ಲಿ ನಿಂತಿದ್ದೆ. ಬೆನ್ನೆಲ್ಲ ಬೆವರು. ಕಾವು ತೋರಿಸುವ ಮುಳ್ಳು ನೂರೈವತ್ತರಿಂದ ಅಲುಗಾಡದಂತೆ, ಗಡಿಯಾರ ಹಿಡಿದು ಒಂದು ಗಂಟೆ ಲೆಕ್ಕ ಹಾಕಿ ಮಾಡಿಸಿದೆ. ತೆಗೆದು ನೋಡಿದರೆ ಅಂಚಿನ ತುಂಬ ಗುಳ್ಳೆ, ಮತ್ತು ಅದೇ ವಾಸನೆ!

ರಾಚಯ್ಯ ನಿನ್ನೆ ಶಿವರಾತ್ರಿಯ ಜಾಗರಣೆ ಮಾಡಿ ನಿದ್ದೆಗಣ್ಣಲ್ಲಿ ಬಂದಿದ್ದ. ಸುರಿಯುವಾಗ ಗಾಳಿ ಸೇರಿಸಿರಬೇಕು. ಅದನ್ನೇ ಎಲ್ಲರ ಎದುರು ಹೇಳಿದೆ. "ದೇವರ ಮುಂದೆ ಎಚ್ಚರ ಇದ್ದು ಇಲ್ಲಿ ಬಂದು ತೂಕಡಿಸಿದರೆ ಹೇಗೆ?"

ಅವನು ನನ್ನನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದವನು, ಸುತ್ತ ನಿಂತಿದ್ದವರನ್ನು ನೋಡಿ ಸುಮ್ಮನಾದ.

ಮಾರ್ಚ್ 18, ಮಂಗಳವಾರ

ಸಿಕ್ಕಿಬಿದ್ದ.

ಇವತ್ತು ಯಾರಿಗೂ ಹೇಳದೆ ಬೇಗ ಬಂದು ಸೀದಾ ಓವನ್ ಹತ್ತಿರ ಹೋದೆ. ಮುಳ್ಳು ನೂರಹತ್ತರಲ್ಲಿ ಕೂತಿದೆ. ಪಕ್ಕದ ಲಾಗ್ ಪುಸ್ತಕದಲ್ಲಿ, ಇನ್ನೂ ಒಣಗದ ಶಾಯಿಯಲ್ಲಿ, ನೂರೈವತ್ತು. ಕೆಳಗೆ ಅವನ ವಕ್ರ ಸಹಿ.

"ಇದೇನು ರಾಚಯ್ಯ?"

"ತಪ್ಪಾಯ್ತು ಬುಡಿ" ಎಂದ. ಅಷ್ಟೇ. ವಿವರಣೆ ಇಲ್ಲ, ಬೆವರಲಿಲ್ಲ, ಕಾಲು ಹಿಡಿಯಲಿಲ್ಲ. ಆ ಶಾಂತಿಯೇ ನನ್ನನ್ನು ಕೆರಳಿಸಿತು. ನೇರ ಆಫೀಸಿಗೆ ಹೋಗಿ ವರದಿ ಬರೆದೆ. "ಉದ್ದೇಶಪೂರ್ವಕ ಅವಿಧೇಯತೆ, ದಾಖಲೆಯಲ್ಲಿ ಸುಳ್ಳು ನಮೂದು, ಕೆಲಸದಲ್ಲಿ ಅಪ್ರಾಮಾಣಿಕತೆ." ಒಳ್ಳೆಯ ಕನ್ನಡ ಬಂತು ಎಂದು ನನಗೇ ಅನ್ನಿಸಿತು.

ಮಾರ್ಚ್ 21, ಶುಕ್ರವಾರ

ರಾಚಯ್ಯನನ್ನು ಬುಧವಾರದಿಂದಲೇ ಅಮಾನತು ಮಾಡಿದ್ದಾರೆ. ಏಪ್ರಿಲ್ ಹನ್ನೊಂದಕ್ಕೆ ವಿಚಾರಣೆ. ವಜಾ ಆಗುವುದು ಖಂಡಿತ ಎಂದು ಸರ್ ಹೇಳಿದರು. ವಾಸನೆಗೆ ಕಾರಣ ಸಿಕ್ಕಿತು ಎಂದು ಗಿರಾಕಿಗಳಿಗೂ ಬರೆದು ಹಾಕಿದ್ದಾರಂತೆ.

ನಾನು ಮಾಡಿದ್ದರಲ್ಲಿ ತಪ್ಪೇನಿದೆ? ಸುಳ್ಳು ಬರೆದವನು ಅವನು. ನಿವೃತ್ತಿಗೆ ಒಂದು ವರ್ಷ ಇದ್ದರೇನು, ಹತ್ತು ವರ್ಷ ಇದ್ದರೇನು, ಸುಳ್ಳು ಸುಳ್ಳೇ. ನಾಳೆ ಒಂದು ಕೂಸಿಗೆ ಹೆಚ್ಚುಕಮ್ಮಿ ಆದರೆ ಯಾರು ಹೊಣೆ? ಹೆಂಗಸು, ಚಿಕ್ಕವಳು ಎಂದು ನನ್ನ ಮಾತನ್ನು ಕಸಕ್ಕೆ ಹಾಕಿದರೆ ನಾನು ನೋಡಿಕೊಂಡು ಕೂರಬೇಕೆ? ನಾನಲ್ಲದೆ ಬೇರೆ ಯಾರಾದರೂ ಇದನ್ನೇ ಮಾಡುತ್ತಿದ್ದರು.

ಮದನ್ ನಮಸ್ಕಾರ ಮಾಡುವುದನ್ನು ಬಿಟ್ಟಿದ್ದಾನೆ. ಅಮ್ಮನಿಗೆ ಹೇಳಿದರೆ, ಸಂಡಿಗೆ ಹಿಟ್ಟು ತಿರುವುತ್ತ, "ಹತ್ತೊಂಬತ್ ವರ್ಸ ಒಂದೇ ಕೆಲ್ಸ ಮಾಡ್ದವ್ನು ಸುಮ್ ಸುಮ್ನೆ ಯಾಕ್ ಕೂಸೇ ಕಾವ್ ಇಳಿಸ್ತಾನೆ?" ಅಂದಳು. ಇವಳಿಗೇನು ಗೊತ್ತು ಓವನ್ನು.

ಮಾರ್ಚ್ 27, ಗುರುವಾರ

ಈಗ ಒಂದೇ ಪಾಳಿ. ಮದನ್ ಬೆಳಗ್ಗೆ ಬರುತ್ತಾನೆ. ಎಲ್ಲ ನೂರೈವತ್ತರಲ್ಲೇ. ಎಲ್ಲ ಬಾಟಲಿಯೂ ನಾರುತ್ತಿದೆ. ಒಂದೂ ಶುದ್ಧ ಇಲ್ಲ.

ನೂರರವತ್ತಕ್ಕೆ ಏರಿಸಿದೆ.

ಮಾರ್ಚ್ 29, ಶನಿವಾರ

ವಾಸನೆ ಇನ್ನೂ ಜಾಸ್ತಿ.

ಏಪ್ರಿಲ್ 4, ಶುಕ್ರವಾರ

ಊಟದ ಹೊತ್ತಿನಲ್ಲಿ ಕಿಟಕಿಯ ಬಾಟಲಿಗಳನ್ನೆಲ್ಲ ಸಾಲಾಗಿ ಇಟ್ಟೆ. ಶುದ್ಧವಾಗಿದ್ದವು ರಾಚಯ್ಯನವು ಮಾತ್ರ. ಅವುಗಳಲ್ಲೂ ಒಂದು ನಾರುತ್ತದೆ: ಮಾರ್ಚ್ ಎಂಟರದ್ದು, ನಾನು ಪಕ್ಕದಲ್ಲಿ ನಿಂತು ಮಾಡಿಸಿದ್ದು. ಆ ಬಾಟಲಿಯನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ, ಚಪಾತಿ ತಣ್ಣಗಾಗಿತ್ತು.

ಎದ್ದು ಮದನ್‌ನನ್ನು ಹುಡುಕಿಕೊಂಡು ಹೋದೆ. "ರಾಚಯ್ಯ ದಿನವೂ ನೂರಹತ್ತೇ ಇಡುತ್ತಿದ್ದರಾ?"

"ದಿನಾ ಅಷ್ಟೇ ಮೇಡಂ. ಮೂರ್ ಗಂಟೆ."

"ನಿನಗೆ ಗೊತ್ತಿತ್ತಾ?"

"ಎಲ್ರಿಗೂ ಗೊತ್ತಿತ್ತು."

"ಮತ್ತೆ ನೀನು ಯಾಕೆ ಹಾಗೆ ಮಾಡಲಿಲ್ಲ?"

"ನಂಗ್ ಧೈರ್ಯ ಇರ್ನಿಲ್ಲ. ನೀವ್ ಸೈನ್ ಆಕಿದ್ರಲ್ಲ." ಸ್ವಲ್ಪ ತಡೆದು, "ಬನ್ನಿ, ಒಂದ್ ತೋರ್ಸ್ತೀನಿ" ಎಂದು ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋದ.

ಕೆಲಸಕ್ಕೆ ಸೇರಿ ಏಳು ವಾರಕ್ಕೆ ಮೊದಲ ಸಲ ಒಳಗೆ ಕಾಲಿಟ್ಟೆ. ಹಂಡೆ ಉರಿಯುತ್ತಿತ್ತು. ಒಂದು ಕಡೆ ಗುಜರಿ ಹಾಕುತ್ತಿದ್ದರು, ಇನ್ನೊಂದು ಕಡೆ ಕೊಳವೆಯಿಂದ ಹನಿ ಹನಿಯಾಗಿ ಲಿಕ್ವಿಡ್ ಬೀಳುತ್ತಿತ್ತು. ನೀರಿನಷ್ಟು ತಿಳಿ.

"ರಾಚಯ್ಯಣ್ಣ ಹತ್ ವರ್ಸ ಈ ಹಂಡೆ ಮುಂದೆನೇ ಇದ್ದುದ್ದು. ನಂಗೂ ಅವ್ರೇ ಕಲ್ಸಿದ್ದು. ಏನೇಳೋರು ಗೊತ್ತಾ? ಇಲ್ಲಿ ಕಾಸಿ ಬುಡುಸ್ತೀವಿ ಕಣ್ಲಾ, ಮುಂದ್ಗಡೆ ಕಾಸಿ ಕೂಡುಸ್ತೀವಿ. ಕಾವು ಎಲ್ಡೂ ಕಡೆನೂ ಕಾವೇ. ಮುಂದ್ಗಡೆ ಜಾಸ್ತಿ ಮಾಡುದ್ರೆ ಅಲ್ಲೂ ಬುಟ್ಕತದೆ, ಅನ್ನೋರು."

ಇದನ್ನು ನಾನು ಓದಿದ್ದೇನೆ.

ಏಪ್ರಿಲ್ 6, ಭಾನುವಾರ

ಅಟ್ಟದ ಟ್ರಂಕಿನಲ್ಲಿ ನೋಟ್ಸ್ ಇರಲಿಲ್ಲ. ಅಮ್ಮನನ್ನು ಕೇಳಿದರೆ ತಾರಸಿಯ ಕಡೆ ಕೈ ತೋರಿಸಿದಳು. ನನ್ನ ಎರಡು ವರ್ಷದ ಎಂ.ಎಸ್ಸಿ. ಬಿಸಿಲಲ್ಲಿ ಹರಡಿಕೊಂಡಿತ್ತು, ಪ್ರತಿ ಹಾಳೆಯ ಮೇಲೂ ಅರಳು ಸಂಡಿಗೆ! "ಪಾಸಾಗಿದೀಯಲ್ಲ, ಇನ್ಯಾಕೆ ಅಂತ" ಅಂದಳು. ಸಂಡಿಗೆ ಎತ್ತೆತ್ತಿ ಓದುತ್ತ ತಾರಸಿಯೆಲ್ಲ ಮೊಣಕಾಲಲ್ಲಿ ತೆವಳಿದೆ. ಮೂರನೇ ಸಾಲಿನಲ್ಲಿ ಸಿಕ್ಕಿತು. ಮೆಣಸಿನಕಾಯಿಯ ಕಲೆಯಡಿಯಲ್ಲಿ ನನ್ನದೇ ದುಂಡು ಅಕ್ಷರ, ಕೆಂಪು ಶಾಯಿಯಲ್ಲಿ ಎರಡು ಸಲ ಅಡಿಗೆರೆ.

ಸರಪಳಿ ಬೆಳೆಯುವ ಕ್ರಿಯೆಗೆ ವಾಪಸ್ ಬರುವ ದಾರಿಯೂ ಇದೆ. ಕೊಂಡಿಗೆ ಕೊಂಡಿ ಸೇರುತ್ತಿರುವಾಗಲೇ ತುದಿಯ ಕೊಂಡಿಗಳು ಕಳಚುತ್ತಲೂ ಇರುತ್ತವೆ. ತಣ್ಣಗಿದ್ದಾಗ ಸೇರುವುದು ಹೆಚ್ಚು. ಕಾವು ಏರಿದಂತೆ ಕಳಚುವುದು ಹೆಚ್ಚುತ್ತ ಹೋಗುತ್ತದೆ, ಒಳಗೆ ಉಳಿಯುವ ಲಿಕ್ವಿಡ್ಡೂ ಹೆಚ್ಚುತ್ತದೆ. ಒಂದು ಹಂತ ದಾಟಿದರೆ ಸರಪಳಿ ಬೆಳೆಯುವುದೇ ಇಲ್ಲ. ಆ ಹಂತದ ಹೆಸರು ಸೀಲಿಂಗ್ ಟೆಂಪರೇಚರ್. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬಂದಿತ್ತು. ನನಗೆ ನಾಲ್ಕೂವರೆ.

ಅಂದರೆ ವಾಸನೆ ಓಡಿಸಲು ಕಾವು ಏರಿಸಿದೆ, ಆ ಕಾವಿನಿಂದಲೇ ವಾಸನೆ ಹುಟ್ಟಿತು. ಹುಟ್ಟಿದ್ದನ್ನು ನೋಡಿ ಮತ್ತೆ ಏರಿಸಿದೆ. ಛೀ.

ಅಮ್ಮ ಬಂದು ಪಕ್ಕದಲ್ಲಿ ಕೂತು, ಏನು ಬರೆದಿದೆ ಎಂದು ಕೇಳಿದಳು. ಓದಿ ಹೇಳಿದೆ, ರಾಚಯ್ಯ ಅಂದದ್ದನ್ನೂ ಹೇಳಿದೆ.

"ಅಂಗಾರೆ ಆ ಯಪ್ಪ ಹೇಳಿದ್ದೇ ಬರ‍್ದದಲ್ಲ ಕೂಸೇ ಇದ್ರಲ್ಲಿ" ಅಂದಳು.

ಏಪ್ರಿಲ್ 9, ಬುಧವಾರ

ಸೋಮವಾರ ಮದನ್ ಜೊತೆ ನಿಂತು ನೂರಹತ್ತರಲ್ಲಿ ಮೂರು ಗಂಟೆ ಇಟ್ಟು ತೆಗೆಸಿದ್ದೆ. ನಿನ್ನೆ ಯುಗಾದಿ. ಇವತ್ತು ಬೆಳಗ್ಗೆ ಬಾಟಲಿ ತೆರೆದೆ. ಏನೂ ಇಲ್ಲ. ಎರಡು ಸಲ ಮೂಸಿದೆ, ಮದನ್ ಕೈಲೂ ಮೂಸಿಸಿದೆ. ಅವನು ನಕ್ಕ. ನನಗೆ ಅಳು ಬಂತು.

ಮಧ್ಯಾಹ್ನ ಬಸ್ಸು ಹತ್ತಿ ತಾಂಡವಪುರಕ್ಕೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ರಾಚಯ್ಯನವರು ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ಕಂಡು ಎದ್ದು ಚಾಪೆ ಕೊಡವಿ ಹಾಕಿದರು. ಹೆಂಡತಿ ಮಂಗಳಮ್ಮ ಒಳಗಿಂದ ನೋಡಿ, ನಾನು ಯಾರೆಂದು ತಿಳಿದ ಮೇಲೆ ಮುಖ ಗಂಟು ಹಾಕಿಕೊಂಡು ಒಳಗೆ ಹೋದರು. ಆಮೇಲೆ ತಟ್ಟೆಯಲ್ಲಿ ಎರಡು ಒಬ್ಬಟ್ಟು ತಂದು ನನ್ನ ಮುಂದೆ ಇಟ್ಟು, ಒಂದೂ ಮಾತಾಡದೆ ಮತ್ತೆ ಒಳಗೆ ಹೋದರು.

ನಾನು ಕ್ಷಮೆ ಕೇಳಲು ಮಾತು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅವರೇ ದೇವರ ಗೂಡಿನಿಂದ ಒಂದು ಲಕೋಟೆ ತಂದರು.

"ಒಳ್ಳೆ ಒತ್ಗೇ ಬಂದ್ರಿ. ಆಫೀಸಿಂದ ಕಳ್ಸವ್ರೆ. ಸೈನ್ ಆಕುದ್ರೆ ವಿಚಾರ್ಣೆ ಇಲ್ದಂಗೆ ಮುಗೀತದಂತೆ. ಏನ್ ಬರ‍್ದವ್ರೆ ವಸಿ ಓದ್ರವ್ವ."

ಓದಿದೆ. ತಾನೇ ರಾಜೀನಾಮೆ ಕೊಡುತ್ತೇನೆ ಎಂಬ ಪತ್ರ. ತಪ್ಪೊಪ್ಪಿಗೆಯ ಭಾಗದಲ್ಲಿ ನನ್ನ ವರದಿಯ ಸಾಲುಗಳನ್ನು ಹಾಗೇ ಇಳಿಸಿದ್ದರು. ಉದ್ದೇಶಪೂರ್ವಕ ಅವಿಧೇಯತೆ. ಸುಳ್ಳು ನಮೂದು. ನಾನು ಬರೆದದ್ದನ್ನು ನಾನೇ ಅವರ ಜಗಲಿಯಲ್ಲಿ ಕೂತು, ಅವರ ಮುಖದ ಎದುರು ಓದಬೇಕಾಯಿತು. ಅಪ್ರಾಮಾಣಿಕತೆ ಎಂಬಲ್ಲಿಗೆ ಬಂದು ನಿಲ್ಲಿಸಿದೆ.

"ಅಂಗಂದ್ರೇನು?" ಅವರಿಗೆ ಆ ಪದ ಗೊತ್ತಿರಲಿಲ್ಲ.

"ಮೋಸ ಮಾಡಿದೆ ಅಂತ."

ಅವರು ಹಗ್ಗ ಕೆಳಗಿಟ್ಟರು. ಆಮೇಲೆ, "ಸುಳ್ ಬರ‍್ದಿದ್ದು ದಿಟ. ಆದ್ರೆ ಮೋಸ ಮಾಡ್ನಿಲ್ಲ ಕಣವ್ವ. ನೀವೇಳಿದ್ದ ಬುಕ್ಕಲ್ಲಿ ಬರ‍್ದೆ. ಸೀಟು ಕೇಳಿದ್ ಕಾವ್ನ ಸೀಟ್ಗೆ ಕೊಟ್ಟೆ" ಅಂದರು.

"ನನಗೆ ಇನ್ನೊಂದು ಸಲ ಹೇಳಬಾರದಿತ್ತಾ?"

"ಒಂದಪ ಏಳ್ದೆ, ನಕ್ಬುಟ್ರಿ. ಹೊಸ್ದಾಗ್ ಬಂದಿದ್ರಿ. ನಾಕ್ ಜನದ್ ಮುಂದೆ ನಿಮ್ದು ತಪ್ಪು ಅಂದ್ರೆ ನಿಮ್ ಕೆಲ್ಸಕ್ಕೆ ಕುತ್ತು ಬತ್ತದೆ ಅಂತ ಸುಮ್ನಾದೆ. ನಿಧಾನಕ್ಕೆ ತಿಳ್ಕೋತಾರೆ ಅನ್ಕಂಡೆ." ಪತ್ರದ ಕಡೆ ಕೈ ಚಾಚಿದರು. "ಎಲ್ಲಿ ಸೈನ್ ಆಕ್ಬೇಕು ತೋರ‍್ಸಿ. ವಿಚಾರ್ಣೆ ಅಂತ ಎಲ್ರ ಮುಂದೆ ನಿಲ್ಸುದ್ರೆ ನಂಗೆ ಆಗಾಕಿಲ್ಲ."

ಪತ್ರ ಕೊಡಲಿಲ್ಲ. ಮಡಚಿ ಬ್ಯಾಗಿಗೆ ಹಾಕಿಕೊಂಡೆ. "ಶುಕ್ರವಾರ ಬನ್ನಿ. ನೀವು ಏನೂ ಮಾತಾಡಬೇಡಿ. ಮಾತಾಡಬೇಕಾದವಳು ನಾನು" ಎಂದೆ.

ಒಳಗಿಂದ ಮಂಗಳಮ್ಮ, "ಒಬ್ಬಟ್ ತಿನ್ನುಕ್ಕೇಳಿ ಆವಮ್ಮಂಗೆ" ಅಂದರು. ತಿಂದೆ. ಎರಡೂ.

ಏಪ್ರಿಲ್ 10, ಗುರುವಾರ

ಎರಡನೇ ವರದಿ ಬರೆದೆ. ಒಂದು ಪುಟ. ಮೊದಲನೆಯದರಷ್ಟು ಚೆಂದದ ಕನ್ನಡ ಬರಲಿಲ್ಲ. ಹೆದರಿಕೆಯಾಗುತ್ತಿದೆ. ಕೆಲಸ ಹೋದರೆ ಅಮ್ಮ ಬಸ್‌ಸ್ಟ್ಯಾಂಡಿನಲ್ಲಿ ಏನು ಹೇಳುತ್ತಾಳೆ?

ಏಪ್ರಿಲ್ 11, ಶುಕ್ರವಾರ

ವಿಚಾರಣೆಯ ಮೇಜಿನ ಮೇಲೆ ಬಾಟಲಿಗಳನ್ನು ಸಾಲಾಗಿ ಇಟ್ಟು ಒಂದೊಂದನ್ನೇ ತೆರೆದೆ. ಶಂಕರನಾರಾಯಣ ಸರ್ ಮೂಸಿದರು, ಮುಖ ಸಿಂಡರಿಸಿದರು, ಮತ್ತೆ ಮೂಸಿದರು.

"ನಾರದೇ ಇರೋವೆಲ್ಲ ರಾಚಯ್ಯನವರು ನನ್ನ ಮಾತು ಮೀರಿ ಮಾಡಿದ್ದು ಸರ್. ನಾರೋವೆಲ್ಲ ನಾನು ಹೇಳಿದ ಹಾಗೆ ಮಾಡಿದ್ದು" ಎಂದೆ. ಸಂಡಿಗೆಯ ಕಲೆಯ ಹಾಳೆಯನ್ನೂ ಕೊಟ್ಟೆ.

ಸರ್ ಕೆಂಪಗಾದರು. "ಗಿರಾಕಿಗಳಿಗೆ ಬರೆದಾಗಿದೆಯಲ್ಲಮ್ಮಾ, ಆಪರೇಟರ್ ತಪ್ಪು ಅಂತ! ಈಗೇನು ಕೆಮಿಸ್ಟ್ ತಪ್ಪು ಅಂತ ಬರೀಲಾ?"

"ಬರೀರಿ ಸರ್."

ರಾಚಯ್ಯನವರು ಗೋಡೆಗೆ ಒರಗಿ ನಿಂತಿದ್ದವರು, "ಬ್ಯಾಡಿ ಸಾ, ಆವಮ್ಮ ಇನ್ನೂ ಚಿಕ್ ಹುಡ್ಗಿ" ಎಂದು ಶುರು ಮಾಡಿದರು. ನಾನು ತಿರುಗಿ ನೋಡಿದೆ. ಸುಮ್ಮನಾದರು.

ಅಮಾನತು ರದ್ದು. ಓವನ್ ಸಮಯ ಮತ್ತೆ ಮೂರು ಗಂಟೆ. ನನ್ನ ಪ್ರೊಬೇಷನ್ ಇನ್ನೂ ಆರು ತಿಂಗಳು ಮುಂದಕ್ಕೆ, ಜೊತೆಗೆ ಕಡತದಲ್ಲಿ ಒಂದು ಎಚ್ಚರಿಕೆಯ ಪತ್ರ. ಅದರಲ್ಲಿ "ನಿರ್ಲಕ್ಷ್ಯ" ಎಂಬ ಪದ ಇದೆ. ಇರಲಿ.

ಏಪ್ರಿಲ್ 16, ಬುಧವಾರ

ರಾಚಯ್ಯನವರು ಕೆಲಸಕ್ಕೆ ಬಂದರು. ಮೊದಲು ಓವನ್ ಬಾಗಿಲಿಗೆ ಅಂಗೈಯ ಹಿಂಬದಿ ಮುಟ್ಟಿಸಿ ನೋಡಿ, ಆಮೇಲೆ ಮುಳ್ಳು ನೋಡಿದರು.

"ಯಾರ್ ಇಳ್ಸಿದ್ದು?"

"ನಾನೇ."

"ಬುಕ್ಕಲ್ ಬರ‍್ಕಂಡ್ರಾ?"

"ನೂರಹತ್ತು ಅಂತಲೇ ಬರೆದೆ."

ತಲೆ ಆಡಿಸಿದರು. ಊಟದ ಹೊತ್ತಿನಲ್ಲಿ ಎಲ್ಲರೂ ಹಿಂದಿನ ಶೆಡ್ಡಿನ ಜಗಲಿಯಲ್ಲಿ ಕೂತೆವು. ಅಮ್ಮ ಕಟ್ಟಿಕೊಟ್ಟಿದ್ದ ಸಂಡಿಗೆ ಖಾಲಿಯಾಯಿತು. ಆಮೇಲೆ ಲಾಗ್ ಪುಸ್ತಕ ತಂದು ಮಾರ್ಚ್ ತಿಂಗಳ ಪುಟ ತೆರೆದೆ. ಮೂರನೇ ತಾರೀಖಿನಿಂದ ಅವರ ಪಾಳಿಯ ಹದಿಮೂರು ಸಾಲು, ಹದಿಮೂರರಲ್ಲೂ ನೂರೈವತ್ತು, ಕೆಳಗೆ ವಕ್ರ ಸಹಿ. ಇವನ್ನು ಇಬ್ಬರೂ ಸೇರಿ ಸರಿ ಮಾಡೋಣ ಎಂದೆ. ನಾನು ಒಂದೊಂದು ಸಾಲಿನ ಮೇಲೂ ಬೆರಳಿಟ್ಟೆ, ಅವರು "ನೂರತ್ತು" ಅಂದರು. ನೂರೈವತ್ತಕ್ಕೆ ಗೀಟು ಹಾಕಿ, ನೂರಹತ್ತು ಎಂದು ಬರೆದು, ಪಕ್ಕದಲ್ಲಿ "ಕೆಮಿಸ್ಟ್ ಆದೇಶದಿಂದಾದ ತಪ್ಪು" ಎಂದು ನಾನು ಸಹಿ ಹಾಕುತ್ತ ಹೋದೆ.

ಐದನೇ ಸಾಲಿಗೆ ಬಂದಾಗ ಅವರು ನನ್ನ ಕೈ ತಡೆದರು. ಮಾರ್ಚ್ ಎಂಟು.

"ಅದ್ನ ತಿದ್ಬ್ಯಾಡ್ರವ್ವ. ಅದೊಂದ್ ದಿಟ. ಅವತ್ತು ನೂರೈವತ್ತೇ ಇಟ್ಟಿದ್ದೆ. ನೀವೇ ಪಕ್ದಲ್ ನಿಂತಿದ್ರಲ್ಲ."

ಸುತ್ತ ಇದ್ದವರು ನಕ್ಕರು. ಅವರೂ ನಕ್ಕರು. ನಿದ್ದೆಗಣ್ಣಿನವನು ಎಂದು ಎಲ್ಲರ ಎದುರು ನಾನು ಬೈದದ್ದು ಅವತ್ತೇ. ಇಡೀ ತಿಂಗಳಲ್ಲಿ ಅವರು ನನ್ನ ಮಾತು ಕೇಳಿದ ಒಂದೇ ದಿನ.

ನೂರೈವತ್ತನ್ನು ಹಾಗೇ ಬಿಟ್ಟೆ. ಅವರ ಸಹಿಯ ಮೇಲೆ ಮೆಲ್ಲಗೆ ಒಂದು ಗೀಟು ಎಳೆದು, ಆಪರೇಟರ್ ಎಂಬ ಕಡೆ ನನ್ನ ಹೆಸರು ಬರೆದೆ.